ಕೆಂಪಂಚಿನ ಬೆದರುಗೊಂಬೆ

ಕೈಯಲ್ಲಿ ಒಂದು ಹಿಡಿ ಸತ್ತ ಭತ್ತದ ಸಸಿ ಹಿಡಿದುಕೊಂಡು ಬಂದ ಹೆಂಗಸು ಗೇಟಿನ ಹತ್ತಿರ ನಿಂತು, "ರೇಣುಕಾದೇವಿ ಅಕ್ಕಾರ ಮನಿ ಇದ ಏನ್ರೀ?" ಎಂದು ಕೇಳಿದಾಗ ಆದೆಪ್ಪ ಕಟ್ಟೆಯ ಮೇಲೆ ಕೂತು ಪರರ ಮನೆಯ ಚಹಾ ಕುಡಿಯುತ್ತಿದ್ದ. ಪರರ ಮನೆ ಎಂದರೆ ರೇಣುಕಾದೇವಿಯ ಮನೆಯೇ. ಬೆಳಗಿನ ಮೊದಲ ಚಹಾ ತನ್ನ ಮನೆಯಲ್ಲಿ, ಎರಡನೆಯದು ಇಲ್ಲಿ. ಸಿಂಧನೂರಿನ ಆ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ.

ರೇಣುಕಾದೇವಿ ಪೊಲೀಸ್ ಇಲಾಖೆಯಲ್ಲಿ ಲಿಂಗಸೂಗೂರು, ಮಸ್ಕಿ, ಸಿಂಧನೂರು ಎಂದು ಸುತ್ತಿ ಎಎಸ್‌ಐ ಆಗಿ ನಿವೃತ್ತರಾದವರು. ನಿವೃತ್ತಿಯಾದರೂ ಜನ ಬಿಡಲಿಲ್ಲ. ಠಾಣೆಯ ಮೆಟ್ಟಿಲು ಹತ್ತಲು ಹೆದರುವವರು ಇವರ ಕಟ್ಟೆ ಹತ್ತುತ್ತಿದ್ದರು. ಆದೆಪ್ಪ ಪಕ್ಕದ ಮನೆಯವ, ಬಸ್ಸು ಓಡಿಸಿ ಓಡಿಸಿ ಸೊಂಟ ಹಿಡಿಸಿಕೊಂಡು ನಿವೃತ್ತನಾದ ಚಾಲಕ. ತನ್ನ ಹಳೆಯ ಓಮ್ನಿ ವ್ಯಾನು ಇಲ್ಲದಿದ್ದರೆ ಅಕ್ಕಾರ ಪತ್ತೇದಾರಿಕೆ ಓಣಿ ದಾಟುತ್ತಿರಲಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ವ್ಯಾನು ನಿಲ್ಲಿಸಿದ ಮೇಲೆ ಬಾಯಿಯನ್ನೂ ನಿಲ್ಲಿಸಿದರೆ ಇನ್ನೂ ಉಪಕಾರವಾದೀತು ಎಂಬುದು ರೇಣುಕಾದೇವಿಯ ಅಭಿಪ್ರಾಯ.

ಬಂದವಳ ಹೆಸರು ಯಮನೂರಮ್ಮ. ಗೊರೇಬಾಳದ ಆಚೆ, ಕಾಲುವೆಯ ಪಕ್ಕದ ಒಂದು ಹಳ್ಳಿಯವಳು. ಕೂಲಿ ಮಾಡಿ ಬದುಕಿದವಳು ಈ ವರ್ಷ ಮೊದಲ ಸಲ ಕರಿಬಸಯ್ಯ ಎಂಬ ಜಮೀನುದಾರರ ಗದ್ದೆಯಲ್ಲಿ ಒಂದು ತುಂಡು ಲೀಸಿಗೆ ಹಿಡಿದಿದ್ದಳು. ಪಕ್ಕದ ತುಂಡನ್ನು ಹಿಡಿದವಳು ಅಂಜಲಿ. ಅಂಜಲಿ ಆರ್.ಎಚ್. ಕ್ಯಾಂಪಿನ, ಅಂದರೆ ಹಿಂದೆ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ನೆಲೆ ಕೊಟ್ಟ ಕ್ಯಾಂಪಿನ, ಬಂಗಾಲಿ ಹೆಣ್ಣುಮಗಳು. ಇಬ್ಬರೂ ಸೇರಿ ಒಂದೇ ಜಾಗದಲ್ಲಿ, ನಡುವೆ ಒಂದು ಬದು ಹಾಕಿ, ಅಕ್ಕಪಕ್ಕದಲ್ಲಿ ಎರಡು ಸಸಿಮಡಿ ಮಾಡಿದ್ದರು.

"ನಾಗರಪಂಚಮಿಗಂತ ಮಸ್ಕಿಗೆ ತವರಮನಿಗೆ ಹೋಗಿದ್ದೆ ಅಕ್ಕಾರ," ಎಂದಳು ಯಮನೂರಮ್ಮ. "ನಿನ್ನೆ ಬಂದು ನೋಡಿದ್ರ ನನ್ನ ಮಡಿ ಪೂರಾ ಹಳದಿ ಆಗಿ ಮಲಗೇತಿ. ಬಾಜೂದಾಗ ಅಂಜಲಿ ಮಡಿ ಹಸರು ಹಸರು. ಊರ ಮಂದಿ ಎಲ್ಲಾ ಆಕಿನ ಮಾಡ್ಯಾಳ ಅನ್ನಾಕತ್ತಾರ. ನಾ ಬರೂ ಮುಂಚಿನ ದಿನ ಆಕಿ ಪಂಪ್ ಹೊತ್ಕೊಂಡು ನನ್ನ ಮಡಿಗೆ ಕಸ ಸಾಯೂ ಎಣ್ಣಿ ಹೊಡ್ಯೂದನ್ನ ನೋಡಿದವರದಾರ. ಇವತ್ತು ಸಂಜಿಕ ಕರಿಬಸಯ್ಯನವರ ಕಟ್ಟಿ ಮ್ಯಾಲ ಪಂಚಾಯ್ತಿ ಐತಿ. ಆಕಿ ಲೀಸ್ ಕಿತ್ಕೊಂಡು ಓಡಸ್ತಾರಂತ."

"ಓಡಿಸಲಿ ಬಿಡವಾ, ನಿನ್ನ ಸಸಿ ಕೊಂದಾಳಲ್ಲ," ಎಂದ ಆದೆಪ್ಪ, ಚಹಾ ಬಸಿಗೆ ಸುರಿಯುತ್ತಾ.

ಯಮನೂರಮ್ಮ ಅವನನ್ನು ನೋಡಿದ ರೀತಿಗೆ ಆದೆಪ್ಪನ ಚಹಾ ತಣ್ಣಗಾಯಿತು. "ಆಕಿ ಮಾಡಿಲ್ರೀ. ನಾ ಬಾಣಂತಿ ಇದ್ದಾಗ ಬಿಸಿನೀರು ಕಾಸಿ ಹಾಕಿದಾಕಿ ಆಕಿ. ಆಕಿ ಕೈ ನಂಗ ಗೊತ್ತೈತಿ."

"ಅಂಜಲಿ ಎಲ್ಲಿ?" ಎಂದು ಕೇಳಿದರು ರೇಣುಕಾದೇವಿ.

ಅಂಜಲಿ ಬಂದಿದ್ದಳು, ಆದರೆ ಓಣಿಯ ತಿರುವಿನಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಮೂವತ್ತರ ಆಸುಪಾಸಿನ, ಬಿಸಿಲಿಗೆ ಕಂದಿದ ಮುಖದ ಹೆಣ್ಣುಮಗಳು. ಕೈಯಲ್ಲಿ ಬಿಳಿಯ ಶಂಖದ ಬಳೆ. ಕರೆದರೂ ಕಟ್ಟೆ ಹತ್ತಲಿಲ್ಲ. "ನಾ ಏನೂ ಮಾಡಿಲ್ರೀ. ಲೀಸ್ ಬಿಡು ಅಂದ್ರ ಬಿಡ್ತೀನಿ. ಪೊಲೀಸು, ಕಂಪ್ಲೇಂಟು ಮಾತ್ರ ಬ್ಯಾಡ್ರಿ," ಎಂದಳು. ಅವಳ ಮಾತು ಅಚ್ಚ ಸಿಂಧನೂರಿನದೇ. ಆದೆಪ್ಪನಿಗೆ ಅದು ಯಾಕೋ ಅನಿರೀಕ್ಷಿತ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

"ಲೀಸ್ ಬಿಟ್ರ ಏನು ಮಾಡ್ತಿ?"

"ವರ್ಷದ ದುಡಿಮಿ ಎಲ್ಲಾ ಅದಕ್ಕ ಹಾಕೀನ್ರಿ," ಎಂದಳು.

ರೇಣುಕಾದೇವಿ ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದರು. "ಆದೆಪ್ಪಣ್ಣ, ಗಾಡಿ ತೆಗಿ."

*

ಕಾಲುವೆಗೆ ನೀರು ಬಿಟ್ಟು ಬಹಳ ದಿನವಾಗಿರಲಿಲ್ಲ. ದಾರಿಯುದ್ದಕ್ಕೂ ಕೆಸರು ಮಾಡಿದ ಗದ್ದೆಗಳು, ಟ್ರ್ಯಾಕ್ಟರಿನ ಹಿಂದೆ ಓಡುವ ಬೆಳ್ಳಕ್ಕಿಗಳು. ನಾಟಿಯ ಗಡಿಬಿಡಿ ಶುರುವಾಗಲು ಇನ್ನು ಕೆಲವೇ ದಿನ ಬಾಕಿ. ಈ ಹೊತ್ತಿನಲ್ಲಿ ಸಸಿ ಕಳಕೊಂಡವರಿಗೆ ಆ ಬೆಳೆ ಹೋದಂತೆಯೇ.

ಮಡಿಗಳು ರಸ್ತೆಗೆ ಕಾಣುವ ಹಾಗೆಯೇ ಇದ್ದವು. ಆದೆಪ್ಪ ವ್ಯಾನಿನಿಂದ ಇಳಿಯುತ್ತಲೇ ಸತ್ತ ಮಡಿಯ ನಡುವೆ ನಿಂತಿದ್ದ ಹೆಂಗಸನ್ನು ಕಂಡು, "ಯವ್ವಾ, ಅಲ್ಲೇನು ಮಾಡಾಕತ್ತಿ, ಹೊರಗ ಬಾ," ಎಂದು ಕೂಗಿದ. ಹೆಂಗಸು ಅಲುಗಾಡಲಿಲ್ಲ. ಅದು ಬೆದರುಗೊಂಬೆ. ಬಿಳಿ ಸೀರೆ, ಅಗಲವಾದ ಕೆಂಪಂಚು, ತಲೆಗೆ ಮಡಕೆ. ಯಮನೂರಮ್ಮ ಅಂಥ ದುಃಖದಲ್ಲೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಸೀರೆ ಯಾರದು?" ಎಂದು ಕೇಳಿದರು ರೇಣುಕಾದೇವಿ.

"ನಂದ್ರೀ," ಎಂದಳು ಅಂಜಲಿ. "ಪೂಜಿಗೆ ಉಡೂದು, ಹರದಿತ್ತು. ಯಮನೂರಕ್ಕನ ಮಡಿ ಗಿಡದ ಕಡಿಗೆ ಐತಿ, ಗುಬ್ಬಿ ಕಾಟ ಜಾಸ್ತಿ. ಅದಕ್ಕ ಅಕ್ಕನ ಮಡ್ಯಾಗ ನಿಂದರಿಸಿದ್ದೆ."

ರೇಣುಕಾದೇವಿ ಬದುವಿನ ಮೇಲೆ ಕೂತು ಸಸಿ ಕಿತ್ತು ನೋಡಿದರು. ಎಲೆಯ ಮೇಲೆ ಸುಟ್ಟ ಚುಕ್ಕೆ ಒಂದೂ ಇರಲಿಲ್ಲ. ಸುಳಿಯಿಂದಲೇ ಹಳದಿಯಾಗಿ, ಬೇರು ಕಂದಿ ಮೆತ್ತಗಾಗಿತ್ತು. ಬದುವಿನ ಈಚೆ ಇಷ್ಟು ಸಾವು, ಆಚೆ ಒಂದೇ ಒಂದು ಎಲೆಗೂ ಬಾಧೆಯಿಲ್ಲ. ಒಂದಷ್ಟು ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಆದೆಪ್ಪನ ಕೈಗೆ ಕೊಟ್ಟರು.

"ಇದನ್ನ ಕೃಷಿ ಅಧಿಕಾರಿಗೆ ತೋರಿಸಿ ಕೇಳಿಕೊಂಡು ಬಾ. ಯಾವ ಎಣ್ಣಿ, ಯಾವಾಗ ಹೊಡದದ್ದು, ಅಷ್ಟ ಕೇಳು. ಕೇಸ್ ಏನಂತ ಹೇಳಾಕ ಹೋಗಬ್ಯಾಡ."

ಕೇಸನ್ನು ಹೇಳದೆ ಇರುವುದು ಆದೆಪ್ಪನಿಗೆ ಕಷ್ಟದ ಕೆಲಸ. ಆದರೂ, "ಹೊರಡೂ ಮೊದಲ ಒಂದು ಹೇಳ್ತೀನಿ ಅಕ್ಕಾರ. ಅಲ್ಲಿ ಬದುವಿಗೆ ಸ್ಪ್ರೇ ಮಷಿನ್ ನಿಂತೈತಿ ನೋಡ್ರಿ. ಆ ಮಷಿನ್ನಿನ ಹುಡುಗ ಕಸದ ಎಣ್ಣಿ ಹೊಡಿಯೂ ಮುಂದ ಗಾಳಿಗೆ ಇತ್ತ ಹಾರೇತಿ. ಮುಗೀತು," ಎಂದ.

"ಗಾಳಿಗೆ ಬದು ಎಲ್ಲೈತಿ ಅಂತ ಗೊತ್ತಿರ್ತೈತೇನು?" ಎಂದರು ರೇಣುಕಾದೇವಿ. ಆದೆಪ್ಪ ಬದುವನ್ನು ನೋಡಿದ, ಹಸಿರನ್ನು ನೋಡಿದ, ಸುಮ್ಮನೆ ವ್ಯಾನು ಹತ್ತಿದ.

ಅವನು ಹೋದ ಮೇಲೆ ನಡೆದದ್ದನ್ನು ಅವನಿಗೆ ಆಮೇಲೆ ಯಮನೂರಮ್ಮ ಹೇಳಿದಳು. ರೇಣುಕಾದೇವಿ ಅಂಜಲಿಯನ್ನು ಕೇಳಿದ ಪ್ರಶ್ನೆ ಒಂದೇ: ಯಮನೂರಮ್ಮ ತವರಿಗೆ ಹೋದ ಮೇಲೆ ಮಡಿಯಲ್ಲಿ ಏನಾದರೂ ವಿಚಿತ್ರ ಕಂಡಿತ್ತೇ? ಅಂಜಲಿ ನೆನಪು ಮಾಡಿಕೊಂಡಳು. ಪಂಚಮಿಯ ದಿನ ಅವಳು ಹೊಲದ ಕಡೆ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಬಂದಾಗ ಅಕ್ಕನ ಮಡಿಯಲ್ಲಿ ನೀರೇ ಇರಲಿಲ್ಲ. ಏಡಿ ಬಿಲ ತೋಡಿರಬೇಕೆಂದು ಬದುವನ್ನೆಲ್ಲ ತಡಕಿದಳು. ಬಿಲವೂ ಇಲ್ಲ, ಯಾರೂ ಬದು ಕಡಿದೂ ಇಲ್ಲ. ಮತ್ತೆ ನೀರು ತುಂಬಿಸಿದಳು. ವಾರ ಕಳೆದ ಮೇಲೆ ಸಸಿಯ ಬಣ್ಣ ತಿರುಗತೊಡಗಿತು. ಸತುವು ಕಡಿಮೆಯಾಗಿದೆ ಎಂದುಕೊಂಡು ಸ್ಪ್ರೇ ಮಷಿನ್ನಿನ ಹುಡುಗ ಅಮ್ಜದನ ಹತ್ತಿರ ಪಂಪು ಈಸಿಕೊಂಡು ಜಿಂಕ್ ಹೊಡೆದಳು. ಊರವರು ನೋಡಿದ್ದು ಅದನ್ನೇ.

ಆಮೇಲೆ ರೇಣುಕಾದೇವಿ ಎದ್ದು ಅಂಜಲಿಯ ಮೋಟಾರು ಶೆಡ್ಡಿನ ಸುತ್ತ ಒಂದು ಸುತ್ತು ಹಾಕಿದರು. ಮೂರು ಗೋಡೆಗಳು ಹೊಗೆ, ಕೆಸರು ಹಿಡಿದು ಕಪ್ಪಾಗಿದ್ದವು. ರಸ್ತೆಯ ಕಡೆಯ ಗೋಡೆಗೆ ಮಾತ್ರ ಹೊಸ ಸುಣ್ಣ.

"ಇಲ್ಲೇನು ಬರದಿದ್ರವಾ?" ಎಂದು ಮೆಲ್ಲಗೆ ಕೇಳಿದರು.

ಅಂಜಲಿ ಆ ಸುಣ್ಣವನ್ನು ಕೈಯಿಂದ ಸವರಿದಳು. ಕಡೆಗೆ ಯಮನೂರಮ್ಮನ ಕಡೆ ನೋಡದೆಯೇ ಹೇಳಿದಳು. ಇದ್ದಲಿಯಲ್ಲಿ ಬರೆದಿದ್ದರು, 'ನಿಮ್ಮ ದೇಶಕ್ಕ ನೀವು ಹೋಗ್ರಿ' ಎಂದು. ಅದಕ್ಕೂ ಮುಂಚೆ ಸ್ಟಾರ್ಟರಿನ ವಾಯರು ಕತ್ತರಿಸಿದ್ದರು. ಒಂದು ದಿನ ಕುಡಿಯುವ ನೀರಿನ ಕೊಡದಲ್ಲಿ ಸೆಗಣಿ.

"ನಂಗ್ಯಾಕ ಹೇಳಲಿಲ್ಲ?" ಯಮನೂರಮ್ಮ ಅವಳ ತೋಳು ಹಿಡಿದಳು.

"ಹೇಳಿದ್ರ ಜಾಸ್ತಿ ಆಗ್ತೈತಿ ಅಕ್ಕ. ಸುಮ್ಮನಿದ್ರ ತಾನ ಬಿಡ್ತಾರ ಅಂತಾರ ನಮ್ಮ ಕಡೆ ಹಿರ್ಯಾರು." ಅಂಜಲಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ದೇಶ ಯಾವುದಕ್ಕ? ನಾ ಹುಟ್ಟಿದ್ದು ಸಿಂಧನೂರು ದವಾಖಾನ್ಯಾಗ. ಎಲ್ಲಿಗೆ ಹೋಗ್ಲಿ?"

ಇದನ್ನು ಹೇಳುವಾಗ ಯಮನೂರಮ್ಮ ಅತ್ತಳು. ಕೇಳುತ್ತಿದ್ದ ಆದೆಪ್ಪ ವ್ಯಾನಿನ ಗಾಜು ಒರೆಸುವ ನೆಪದಲ್ಲಿ ಆ ಕಡೆ ತಿರುಗಿದ.

*

ಮಧ್ಯಾಹ್ನ ರೇಣುಕಾದೇವಿಯನ್ನು ಕರಿಬಸಯ್ಯನವರ ಮನೆಗೆ ಕರೆದುಕೊಂಡು ಹೋದವನು ಆದೆಪ್ಪನೇ. ಕರಿಬಸಯ್ಯ ಹಣೆತುಂಬ ವಿಭೂತಿ ಹಚ್ಚಿದ, ಮಾತು ಕಡಿಮೆಯ ಹಿರಿಯರು. ಹಿತ್ತಲಲ್ಲಿ ಬಿಲ್ವದ ಗಿಡಗಳಿಗೆ ಪೈಪಿನಿಂದ ನೀರು ಬಿಡುತ್ತಿದ್ದರು. ಮುಗಿದ ಮೇಲೆ ಪೈಪನ್ನು ತೊಳೆದು, ಒರೆಸಿ, ಸುರುಳಿ ಸುತ್ತಿ ಗೂಟಕ್ಕೆ ತೂಗುಹಾಕಿದರು. ಆದೆಪ್ಪ ಅದನ್ನು ಮೆಚ್ಚಿ ಏನೋ ಹೇಳಿದಾಗ, "ಒಬ್ಬರ ಕೈಗೆ ಬಿಟ್ರ ಕೆಸರ ಮೆತ್ತಿ ಒಗದು ಹೋಗ್ತಾರ್ರೀ," ಎಂದು ಗೊಣಗಿದರು.

"ಅಂಜಲಿ ಲೀಸ್ ಬಗ್ಗೆ ನಿಮಗೇನನಿಸ್ತೈತ್ರಿ?" ಎಂದು ಕೇಳಿದರು ರೇಣುಕಾದೇವಿ.

"ದುಡಿಯೋ ಹೆಣ್ಮಗಳು. ಆದ್ರ ಊರು ಬ್ಯಾಡ ಅಂದ್ರ ನಾನೊಬ್ಬ ಏನು ಮಾಡ್ಲಿ?"

ಅಷ್ಟರಲ್ಲಿ ಅವರ ಮಗ ವೀರೇಂದ್ರ ಬಂದ. ಸಿಂಧನೂರಿನಲ್ಲಿ ಗೊಬ್ಬರದಂಗಡಿ ಇಟ್ಟವನು, ನಗುಮೊಗದವನು. ಆದೆಪ್ಪನಿಗೆ ಕುರ್ಚಿ ಎಳೆದು ಹಾಕಿದ, ತಾನೇ ಒಳಗೆ ಹೋಗಿ ಮಜ್ಜಿಗೆ ತಂದ. ಇಂಥ ಹುಡುಗರು ಊರಿಗೊಬ್ಬರು ಇರಬೇಕು ಅಂದುಕೊಂಡ ಆದೆಪ್ಪ.

"ನೀವು ಬಂದದ್ದು ಚಲೋ ಆತ್ರಿ ಮೇಡಂ," ಎಂದ ವೀರೇಂದ್ರ. "ಪಾಪ ಯಮನೂರಮ್ಮ. ಆ ಕ್ಯಾಂಪಿನಾಕಿ ಎಣ್ಣಿ ಹೊಡದಾಗ ನಾ ಊರಾಗ ಇರಲಿಲ್ರಿ. ಎರಡು ದಿನ ಲಿಂಗಸೂಗೂರಾಗ ಬಸುರಿ ಅಕ್ಕನ ಕುಬಸದ ಕಾರ್ಯಕ್ಕ ಹೋಗಿದ್ದೆ. ಇದ್ದಿದ್ರ ಅಲ್ಲೇ ಹಿಡೀತಿದ್ದೆ."

"ಪಂಚಮಿಗೆ ಊರಾಗ ಇದ್ರೇನು?"

"ಪಂಚಮಿಗೆ ಇದ್ದೆ. ಹುತ್ತಕ್ಕ ಹಾಲೆರದು, ಜೋಕಾಲಿ ಆಡಿ, ಎಲ್ಲಾ ಮಾಡಿದ್ವಿ. ಅವತ್ತು ನಮ್ಮೂರಾಗ ಯಾರೂ ಹೊಲಕ್ಕ ಕಾಲಿಡಂಗಿಲ್ರಿ. ಸಲಿಕಿ, ಕುಡುಗೋಲು ಮುಟ್ಟಂಗಿಲ್ಲ. ಹಾವಿಗೆ ನೋವಾಗ್ತೈತಲ್ಲ."

ಅಲ್ಲಿಂದ ಹೊರಟವರು ನಾಟಿ ಗುಂಪಿನ ಮುಖಂಡೆ ಗಂಗಾದೇವಿಯ ಮನೆಗೆ ಹೋದರು. ಯಾವ ದಿನ ಯಾರ ಗದ್ದೆಗೆ ಹೆಣ್ಣಾಳು ಹೋಗಬೇಕೆಂದು ಊರಿನಲ್ಲಿ ನಿರ್ಧರಿಸುವವಳು ಅವಳು. ಹುಣ್ಣಿಮೆಯ ನಂತರದ ದಿನಗಳನ್ನು ಅಂಜಲಿಗೂ ಯಮನೂರಮ್ಮನಿಗೂ ಕೊಟ್ಟಿದ್ದೆ ಎಂದಳು. "ಆಮ್ಯಾಲ ಅಂಜಲಿ ದಿನ ಗೊರೇಬಾಳದವರಿಗೆ ಕೊಟ್ಟೆ. ಆಕಿ ಸಸಿ ಬರಂಗಿಲ್ಲ ಅಂದ್ರಲ್ಲ."

"ಯಾರಂದ್ರು?"

"ವೀರೇಂದ್ರಣ್ಣ. ಪಂಚಮಿ ಮುಗದು ಎರಡ್ಮೂರು ದಿನಕ್ಕ. 'ಕ್ಯಾಂಪಿನಾಕಿ ಈ ಸಲ ನಾಟಿ ಹಚ್ಚಂಗಿಲ್ಲ, ನೀ ಬ್ಯಾರೆ ಗದ್ದಿ ನೋಡ್ಕೊ' ಅಂದ. ಯಮನೂರಿ ದಿನ ಹಂಗ ಇಟ್ಕೊಂಡಿದ್ದೆ, ಪಾಪ, ಈಗ ಆಕಿದ ಹೋತು."

ವ್ಯಾನಿನಲ್ಲಿ ಕೂತ ಮೇಲೆ ಆದೆಪ್ಪ ಕೃಷಿ ಅಧಿಕಾರಿ ಹೇಳಿದ್ದನ್ನು ಮತ್ತೊಮ್ಮೆ ಒಪ್ಪಿಸಿದ. ಇದು ಬೇರಿಗೆ ಇಳಿದು ಕೊಲ್ಲುವ ಕಸದ ಎಣ್ಣೆ, ಅಂದರೆ ಕಳೆನಾಶಕ. ಹೊಡೆದ ವಾರದ ಮೇಲೆಯೇ ಬಣ್ಣ ತಿರುಗುವುದು. ಮಡಿಯಲ್ಲಿ ನೀರು ನಿಂತಿದ್ದರೆ ಸರಿಯಾಗಿ ಹತ್ತುವುದಿಲ್ಲ, ನೀರು ಬಸಿದು ಹೊಡೆಯಬೇಕು.

"ಅಂದ್ರ ಪಂಚಮಿ ದಿನದ್ದು," ಎಂದ ಆದೆಪ್ಪ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. "ಅಕ್ಕಾರ, ಆದ್ರ ಇದು ಅಂಜಲಿಗೆ ಉಲ್ಟಾ ಹೊಡಿತೈತಿ. ಪಂಚಮಿ ದಿನ ಹೊಲಕ್ಕ ಹೋಗೋರು ಯಾರು? ನಮ್ಮ ಪಂಚಮಿ ಇಲ್ಲದಾಕಿ ಅಂತಾರ."

"ಅಂತಾರ," ಎಂದು ಒಪ್ಪಿಕೊಂಡರು ರೇಣುಕಾದೇವಿ. ಹೊರಗೆ ನೋಡುತ್ತಾ, "ಹೊಲದಾಗ ನೋಡೋರು ಇರಂಗಿಲ್ಲ ಅಂತ ಆ ದಿನ ಆರಿಸ್ಕೊಂಡಾರ," ಎಂದರು.

*

ಸಂಜೆ ಕಟ್ಟೆ ತುಂಬಿತ್ತು. ಅಂಜಲಿ ಕಂಬದ ಮರೆಯಲ್ಲಿ ಕೂತಿದ್ದಳು. ಯಮನೂರಮ್ಮ ಅವಳಿಗೆ ಅಂಟಿಕೊಂಡೇ ಕೂತಿದ್ದಳು. ಸ್ಪ್ರೇ ಮಷಿನ್ನಿನ ಅಮ್ಜದ್ ಗುಂಪಿನ ಹಿಂದೆ ನಿಂತಿದ್ದ. ವೀರೇಂದ್ರ ಎದ್ದು, ಊರಿನ ಅನ್ನದ ಮೇಲೆ ವಿಷ ಹಾಕಿದವರಿಗೆ ಊರಿನ ಭೂಮಿ ಕೊಡಬಾರದು ಎಂದು ಚೆನ್ನಾಗಿಯೇ ಮಾತಾಡಿದ. ಹಲವರು ತಲೆಯಾಡಿಸಿದರು.

"ನಾನೂ ನಾಕು ಮಾತು ಹೇಳ್ಲೇನ್ರಿ?" ಎಂದರು ರೇಣುಕಾದೇವಿ. ಕರಿಬಸಯ್ಯ ಕೈಮಾಡಿ ಹೇಳಿ ಎಂದರು.

"ಮೊದಲು ಎಣ್ಣಿ ವಿಷಯ. ಇದು ಮೊನ್ನೆ ಹೊಡದದ್ದಲ್ಲ. ಅಂಜಲಿ ಪಂಪ್ ಹೊತ್ತಾಗ ಸಸಿ ಆಗಲೇ ಸಾಯಾಕ ಹತ್ತಿತ್ತು. ಆಕಿ ಹೊಡದದ್ದು ಜಿಂಕು, ಉಳಿಸಾಕ. ಅಮ್ಜದ್, ಆಕಿ ಪಂಪ್ ಒಯ್ಯಾಕ ಬಂದಾಗ ಏನಂದ್ಲು?"

"ಯಮನೂರಕ್ಕನ ಮಡಿ ಹಳದಿ ಆಗೇತಿ, ಅಕ್ಕ ಬಂದ್ರ ಎದಿ ಒಡಕೊಂತಾಳ ಅಂದ್ಲು ರೀ," ಎಂದ ಅಮ್ಜದ್.

"ಅಮ್ಜದನ ಮಾತು ನಂಬೂದಿಲ್ಲ ಅನ್ನೋರಿಗೆ ಕೃಷಿ ಅಧಿಕಾರಿ ಮಾತು ಐತಿ. ವಾರದ ಹಿಂದ ಹೊಡದದ್ದು, ನೀರು ಬಸಿದು ಹೊಡದದ್ದು. ಮಡಿ ಬತ್ತಿದ್ದು ಪಂಚಮಿ ದಿನ. ಗಾಳಿಗೆ ಹಾರಿ ಬಂದದ್ದಲ್ಲ. ಬದುವಿಗೆ ಸರಿಯಾಗಿ ನಿಂತೈತಿ. ಅಂದ್ರ ಒಬ್ಬರು ಬೇಕಂತ ಬಂದು ಒಂದ ಮಡಿ ಕೊಂದಾರ."

"ಪಂಚಮಿ ದಿನ ನಮ್ಮೂರವರು ಹೊಲಕ್ಕ ಹೋಗಂಗಿಲ್ಲ," ಎಂದ ವೀರೇಂದ್ರ. "ಯಾರು ಹೋಗಿರಬೇಕು ಅಂತ ನೀವ ಹೇಳ್ರಿ."

"ಹೇಳ್ತೀನಿ. ಗದ್ದೆ ನೀರು ಬಸಿಯೂದು ಹೆಂಗ? ಸಲಿಕಿ ತಗೊಂಡು ಬದು ಕಡಿತಾರ. ಒಂದ ಏಟಿನ ಕೆಲಸ. ಅಂಜಲಿ ಮಾಡಿದ್ರ ಹಂಗ ಮಾಡ್ತಿದ್ಲು. ಆಕಿ ಮನ್ಯಾಗ ಪಂಚಮಿ ಕಟ್ಟುಪಾಡು ಇಲ್ಲ. ಆದ್ರ ಆ ಬದು ಯಾರೂ ಕಡದಿಲ್ಲ. ನೀರು ಬದುವಿನ ಮ್ಯಾಲಿಂದ ಪೈಪಿನ್ಯಾಗ ಎಳದು ಹೊರಗ ಹಾಕ್ಯಾರ. ತಾಸುಗಟ್ಟಲೆ ಹಿಡಿಯೋ ಕೆಲಸ. ಯಾಕ ಅಷ್ಟು ಕಷ್ಟ ಬಿದ್ರು? ಅವತ್ತು ಮಣ್ಣಿಗೆ ಕಬ್ಬಿಣ ತಾಗಿಸಾಕ ಅವರ ಕೈ ಒಪ್ಪಲಿಲ್ಲ. ಪಂಚಮಿ ಪಾಲಿಸೋ ಕೈ ಅದು."

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. ಆದೆಪ್ಪ ತನ್ನ ಪಕ್ಕದವನಿಗೆ, ಇದು ತನಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದ.

"ಈಗ ಯಮನೂರಮ್ಮನ ಮ್ಯಾಲ ಯಾರಿಗೆ ಸಿಟ್ಟು? ಯಾರಿಗೂ ಇಲ್ಲ. ನಾ ಕೇಳಿ ಕೇಳಿ ಸಾಕಾತು. ಅಂದ್ರ ಮಡಿ ಕೊಂದವರಿಗೆ ಅದು ಯಮನೂರಮ್ಮನದು ಅಂತ ಗೊತ್ತ ಇರಲಿಲ್ಲ. ರಸ್ತೆದಾಗ ನಿಂತು ನೋಡಿದ್ರ ಏನು ಕಾಣ್ತೈತಿ? ಕೆಂಪಂಚಿನ ಬಿಳಿ ಸೀರಿ. ಬಂಗಾಲಿ ಸೀರಿ ಇದ್ದ ಮಡಿ ಬಂಗಾಲ್ಯಾಕಿದ ಅಂದ್ಕೊಂಡ್ರು. ಗೆಳತಿ ಮಡಿ ಕಾಯಾಕ ತನ್ನ ಸೀರಿ ಕೊಟ್ಟಿರ್ತಾಳಂತ ಅವರ ತಲಿಗೆ ಹೊಳೀಲಿಲ್ಲ. ಹೊಲ್ದಾಗ ಇಳದು ಕೆಲಸ ಮಾಡಿದ ಅಮ್ಜದನಿಗೆ ಗೊತ್ತಿತ್ತು, ಅಂಜಲಿಗೆ ಗೊತ್ತಿತ್ತು. ಗೊತ್ತಿಲ್ಲದವರು ರಸ್ತೆದಾಗ ಹೋಗೋರು. ತಪ್ಪು ಮಡಿ ಸತ್ತದ್ದು ಗೊತ್ತಾದ ಮ್ಯಾಲ ಅಪವಾದಾನ ಅಂಜಲಿ ತಲಿಗೆ ಕಟ್ಟಿದ್ರು."

ರೇಣುಕಾದೇವಿ ಗಂಗಾದೇವಿಯ ಕಡೆ ತಿರುಗಿದರು. "ಗಂಗವ್ವಾ, ಅಂಜಲಿ ನಾಟಿ ಹಚ್ಚಂಗಿಲ್ಲ ಅಂತ ನಿಂಗ ಯಾರು ಹೇಳಿದ್ರು, ಯಾವಾಗ? ಎಲ್ಲಾರ ಮುಂದ ಹೇಳು."

ಗಂಗಾದೇವಿ ಕರಿಬಸಯ್ಯನವರ ಮುಖ ನೋಡಿದಳು, ಹಿಂಜರಿದಳು, ಕಡೆಗೆ ಹೇಳಿದಳು. ಆಗ ಎರಡೂ ಮಡಿ ಹಸಿರಾಗಿಯೇ ಇದ್ದವಲ್ಲ ಎಂದು ಯಾರೋ ಹಿಂದಿನಿಂದ ಅಂದರು.

"ಆಕಿ ಲೀಸ್ ಬಿಡ್ತಾಳಂತ ಯಾರೋ ಅಂದಿದ್ರು, ಅದಕ್ಕ ಹೇಳಿದ್ದೆ," ಎಂದ ವೀರೇಂದ್ರ. ನಗು ಇನ್ನೂ ಇತ್ತು, ಆದರೆ ಬೆವರಿದ್ದ. "ಪೈಪು ಊರಾಗ ಎಲ್ಲಾರ ಮನ್ಯಾಗ ಅದಾವ."

ಆಗ ಎದ್ದವರು ಕರಿಬಸಯ್ಯ. ಅವರು ಏಳುವುದನ್ನು ನೋಡಿಯೇ ಆದೆಪ್ಪ ತಲೆ ತಗ್ಗಿಸಿದ. ಅವನೂ ಮಕ್ಕಳನ್ನು ಸಾಕಿದವನು.

"ಪಂಚಮಿ ದಿನ ಸಂಜಿಕ ನನ್ನ ಪೈಪು ಹಿತ್ತಲದಾಗ ಕೆಸರಾಗಿ ಬಿದ್ದಿತ್ತು," ಎಂದರು ಅವರು. "ಗದ್ದಿ ಕೆಸರು. ತೊಳದು ತೂಗಿ ಹಾಕಿದವ ನಾನ. ಯಾರು ಒಯ್ದಿದ್ರು ಅಂತ ಕೇಳಿದ್ದಕ್ಕ ನೀ ಬೈಕ್ ತೊಳದೆ ಅಂದಿದ್ದಿ, ವೀರೂ. ಮನ್ಯಾಗ ಬೈಕ್ ತೊಳದ್ರ ಗದ್ದಿ ಕೆಸರು ಎಲ್ಲಿಂದ ಬಂತು?"

ವೀರೇಂದ್ರನ ನಗು ಹೋಯಿತು. "ಹೌದು, ನಾನ," ಎಂದ. "ಏನೀಗ? ನಮ್ಮ ಅಜ್ಜಾರು ಬೆವರು ಹರಿಸಿದ ಗದ್ದಿ. ಎಲ್ಲಿಂದಲೋ ಬಂದವರು ನಮ್ಮ ಗದ್ದ್ಯಾಗ ತಮ್ಮ ಸೀರಿ ಹಾರಿಸ್ತಾರ. ಇವತ್ತು ಒಂದು ತುಂಡು, ನಾಳೆ ಊರು. ನಿಮಗ್ಯಾರಿಗೂ ಸಿಟ್ಟು ಬರಂಗಿಲ್ಲೇನು?"

ಮುಂಚೆ ತಲೆಯಾಡಿಸಿದವರು ಈಗ ನೆಲ ನೋಡುತ್ತಿದ್ದರು.

"ಹಾವಿಗೆ ನೋವಾಗಬಾರದು ಅಂತ ಸಲಿಕಿ ಮುಟ್ಟಲಿಲ್ಲ ನೀನು," ಎಂದರು ರೇಣುಕಾದೇವಿ. ದನಿಯಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚಿತ್ತು. "ಈಕಿಗೆ ನೋವಾಗ್ತೈತಿ ಅಂತ ಅನಿಸಲೇ ಇಲ್ಲಲ್ಲ ತಮ್ಮಾ."

ಕರಿಬಸಯ್ಯ ಕೈಮುಗಿದರು. ಯಮನೂರಮ್ಮನಿಗೆ ಬೇಕಾದಷ್ಟು ಸಸಿ ತಾನೇ ಕೊಡಿಸುವುದಾಗಿ, ಅಂಜಲಿಯ ಲೀಸನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದಾಗಿ ಹೇಳಿದರು. "ಊರಿನ ಮಾತು ಊರಾಗ ಮುಗಿಸೋಣ್ರಿ. ಮಗನ ಪರವಾಗಿ ನಾ ಕಾಲು ಹಿಡಿತೀನಿ. ಸ್ಟೇಷನ್ ಬ್ಯಾಡ."

ಆದೆಪ್ಪನಿಗೆ ಇದು ಒಳ್ಳೆಯ ಮುಕ್ತಾಯ ಅನ್ನಿಸಿತು. ಸಸಿಯೂ ಸಿಕ್ಕಿತು, ಲೀಸೂ ಉಳಿಯಿತು, ಮುದುಕರ ಮಾನವೂ ಉಳಿಯುತ್ತದೆ. ಅದನ್ನೇ ರೇಣುಕಾದೇವಿಯ ಕಿವಿಯಲ್ಲಿ ಹೇಳಿದ.

"ನಾ ನೌಕರ್ಯಾಗ ಇಂಥವು ಬಾಳ ನೋಡೀನಿ ಆದೆಪ್ಪಣ್ಣ," ಎಂದರು ಅವರು, ಎಲ್ಲರಿಗೂ ಕೇಳುವ ಹಾಗೆಯೇ. "ನೀರಿನ ಜಗಳ, ದಾರಿ ಜಗಳ ಅಂತ ಹೆಸರಿಟ್ಟು ಮುಗಿಸ್ತಾರ. ಜಗಳಕ್ಕ ಇಬ್ಬರು ಬೇಕು. ಇಲ್ಲಿ ಅಂಜಲಿ ಯಾರ ಕೂಡ ಜಗಳಾಡ್ಯಾಳ? ಆಕಿ ಏನು ಮಾಡಿದ್ಲು ಅಂತ ಅಲ್ಲ, ಆಕಿ ಯಾರು ಅಂತ ಹೊಡದಾರ. ಇಂಥ ಏಟು ಒಬ್ಬರಿಗೆ ಬಿದ್ರ ಕ್ಯಾಂಪಿನ ಎಲ್ಲಾ ಮನ್ಯಾಗೂ ಅಂಜಿಕೆ ಕೂಡ್ತೈತಿ. ವಾಯರ್ ಕತ್ತರಿಸಿದಾಗ, ಗೋಡಿ ಮ್ಯಾಲ ಬರದಾಗ ಈಕಿ ಹೇಳಿದ್ದಿದ್ರ, ಇವತ್ತು ಈ ಕಟ್ಟಿ ಮ್ಯಾಲ ಯಾರೂ ಈಕಿನ ಅಪರಾಧಿ ಅಂತ ಕೂ‌ಡ್ರಿಸ್ತಿರಲಿಲ್ಲ. ಏಟು ಯಾರಿಗೆ ಅಂತ ಮೊದಲ ದಿನಾನ ಗೊತ್ತಾಗ್ತಿತ್ತು. ತಪ್ಪು ಈಕಿದಲ್ಲ. ಹೇಳಿದ್ರ ಕೇಳೋರು ಅದಾರಂತ ನಾವು ಯಾರೂ ಈಕಿಗೆ ಅನಿಸಗೊಡಲಿಲ್ಲ. ಮುಂದ ಏನು ಮಾಡಬೇಕು ಅನ್ನೂದು ನನ್ನ ಕೈಯಾಗಿಲ್ಲ, ಅಯ್ಯನವರ ಕೈಯಾಗೂ ಇಲ್ಲ."

ಎಲ್ಲರೂ ಕಂಬದ ಕಡೆ ತಿರುಗಿದರು. ಅಂಜಲಿ ಎದ್ದಳು. ಕರಿಬಸಯ್ಯನವರ ಮುಂದೆ ಬಂದು, ಬಗ್ಗಿ ಅವರ ಪಾದ ಮುಟ್ಟಿದಳು.

"ನೀವು ನಿಜ ಹೇಳಿದ್ರಿ, ನಿಮ್ಮ ಉಪಕಾರ ಮರೆಯಂಗಿಲ್ಲ," ಎಂದಳು. "ಆದ್ರ ನಾ ಸುಣ್ಣ ಹಚ್ಚಿ ಹಚ್ಚಿ ಸಾಕಾಗೈತ್ರಿ ಅಜ್ಜಾರ. ನಾ ದೂರು ಬರಸ್ತೀನಿ."

ಕರಿಬಸಯ್ಯ ಬಹಳ ಹೊತ್ತು ಅವಳ ತಲೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಆಮೇಲೆ ಮಗನಿಗೆ, "ಚಪ್ಪಲಿ ಹಾಕ್ಕೊ, ಹೋಗೋಣು," ಎಂದರು.

*

ಠಾಣೆಯಲ್ಲಿ ದೂರು ಬರೆದುಕೊಳ್ಳಲು ಕೂತ ಪೇದೆ ವಯಸ್ಸಾದವನು, ರೇಣುಕಾದೇವಿಯ ಕೈಕೆಳಗೆ ಕೆಲಸ ಮಾಡಿದವನೇ. ಎಲ್ಲ ಕೇಳಿ, ಪೆನ್ನು ತೆಗೆದು, "ಸಸಿಮಡಿ ಹಾಳು ಮಾಡಿದ್ದು, ಜಮೀನಿನ ತಕರಾರು. ಹಂಗ ಬರೀಲೇನವಾ?" ಎಂದ.

ಅಂಜಲಿ ರೇಣುಕಾದೇವಿಯ ಕಡೆ ನೋಡಿದಳು. ರೇಣುಕಾದೇವಿ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು. ಮಾತಾಡಲು ಬಾಯಿ ತೆರೆದ ಆದೆಪ್ಪನ ಕಾಲನ್ನು ಮಾತ್ರ ಮೆಲ್ಲಗೆ ತುಳಿದರು.

"ತಕರಾರು ಇಲ್ರಿ," ಎಂದಳು ಅಂಜಲಿ. ಮೊದಮೊದಲು ದನಿ ಸಣ್ಣದಿತ್ತು. "ವಾಯರ್ ಕತ್ತರಿಸಿದ್ದು ಬರೀರಿ. ಕೊಡದಾಗ ಸೆಗಣಿ ಹಾಕಿದ್ದು ಬರೀರಿ. ಗೋಡಿ ಮ್ಯಾಲ ಏನು ಬರದಿದ್ರು ಅದನ್ನ ಇದ್ದಂಗ ಬರೀರಿ. ಯಾಕ ಮಾಡಿದ ಅಂತ ಅವನ ಬಾಯಿಲೆ ಊರ ಮುಂದ ಹೇಳ್ಯಾನ, ಅದನ್ನೂ ಬರೀರಿ."

"ಯಾಕ ಅನ್ನೂದಕ್ಕ ಬ್ಯಾರೆ ಕಲಮು ಐತಿ," ಎಂದರು ರೇಣುಕಾದೇವಿ ಕ್ಯಾಲೆಂಡರಿಗೆ. "ಸಾಹೇಬರನ್ನ ಕೇಳಿ ಹಾಕ್ಕೊ."

ಪೇದೆ ತಲೆ ಕೆರೆದುಕೊಂಡ. "ಸತ್ತಿದ್ದು ಈಕಿ ಸಸಿ ಅಲ್ಲಲ್ರೀ ಮೇಡಂ. ಮತ್ತ ದೂರು ಯಾರದಂತ ಬರೀಲಿ?"

ಯಮನೂರಮ್ಮ ಮುಂದೆ ಬಂದಳು. "ಸತ್ತದ್ದು ನನ್ನ ಸಸಿ, ಏಟು ಆಕಿಗೆ. ಇಬ್ಬರದೂ ಬರಿಯಪ್ಪಾ. ಆಕಿ ಹಸರು ಮಡ್ಯಾಗಿಂದ ಇಬ್ಬರೂ ನಾಟಿ ಹಚ್ಚೋರದೀವಿ, ಸಹಿ ಇಬ್ಬರೂ ಹಾಕಂಗಿಲ್ಲೇನು?"

ಪೇದೆ ಬರೆಯತೊಡಗಿದ. ಅಂಜಲಿ ಹೇಳುತ್ತಾ ಹೋದಳು. ನಡುನಡುವೆ ನಿಂತಳು, ಅತ್ತಳು, ಮತ್ತೆ ಹೇಳಿದಳು. ಬೆಂಚಿನ ಆ ತುದಿಯಲ್ಲಿ ಕರಿಬಸಯ್ಯ ಮಗನ ಪಕ್ಕ ಕಣ್ಣು ಮುಚ್ಚಿ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಂಡರು.

ಬಾಗಿಲಲ್ಲಿ ಯಾರೋ ನಿಂತದ್ದನ್ನು ಮೊದಲು ಕಂಡವನು ಆದೆಪ್ಪ. ಅಮ್ಜದ್. ಊರಿನಿಂದ ಬೈಕಿನ ಮೇಲೆ ಹಿಂದೆಯೇ ಬಂದಿದ್ದ. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಮೇಲೆ ಕಾಲಾಡಿಸುತ್ತಿದ್ದ. ಬೆಳಿಗ್ಗೆ ಇವನನ್ನೇ ಅಪರಾಧಿ ಮಾಡಿದ್ದು ನೆನಪಾಗಿ ಆದೆಪ್ಪ ತಾನೇ ಎದ್ದು ಹೋಗಿ, "ಬಾ ತಮ್ಮಾ, ಏನು?" ಎಂದು ಕೇಳಿದ.

"ನಂದೂ ಒಂದೈತ್ರಿ," ಎಂದ ಅಮ್ಜದ್. ದನಿ ತಗ್ಗಿಸಿದ. "ಬ್ಯಾಸಿಗ್ಯಾಗ ನನ್ನ ಮಷಿನ್ನಿನ ಟ್ಯಾಂಕಿನ್ಯಾಗ ಉಸುಕು ಹಾಕಿದ್ರು. ಟ್ಯಾಂಕಿನ ಮ್ಯಾಲ ಇದ್ದಲಿಲೆ ಅದ ಮಾತು ಬರದಿದ್ರು, ನಿಮ್ಮ ದೇಶಕ್ಕ ಹೋಗ್ರಿ ಅಂತ. ಯಾರ ಮುಂದೂ ಹೇಳಿದ್ದಿಲ್ಲ."

ಪೇದೆಯ ಪೆನ್ನು ನಿಂತಿತು. ರೇಣುಕಾದೇವಿ ಕ್ಯಾಲೆಂಡರು ಬಿಟ್ಟು ಈ ಕಡೆ ತಿರುಗಿದರು. ಅಂಜಲಿ ಕಣ್ಣೊರೆಸಿಕೊಂಡು, ಯಮನೂರಮ್ಮನ ಕಡೆಗೆ ಇನ್ನಷ್ಟು ಸರಿದು ಬೆಂಚಿನ ಮೇಲೆ ಜಾಗ ಮಾಡಿದಳು.

"ಕೂಡ್ರು ಅಣ್ಣಾ," ಎಂದಳು. "ನಂದು ಮುಗೀಲಿ. ಆಮ್ಯಾಲ ನೀ ಹೇಳು, ಎಲ್ಲಾ ಹೇಳು."